ನಡುಗುವುದು, ಅದುರುವುದು

‘ನಡುಗು’, ‘ಅದುರು’, ‘ಕಂಪಿಸು’ – ಈ ಮೂರೂ ಒಂದೇ ಅರ್ಥದವೆಂದು ನಾನು ಬಹುಕಾಲ ನಂಬಿದ್ದೆನು. ಪರೀಕ್ಷೆಯಲ್ಲಿ ಹಾಗೆಯೇ ಬರೆದು ಅಂಕವನ್ನೂ ಪಡೆದಿದ್ದೇನೆ. ಆ ನಂಬಿಕೆಯನ್ನು ಕೆಡಿಸಿದವರು ನಮ್ಮ ತಂದೆ.

ಎರಡು ವರ್ಷಗಳಿಂದ ಅವರ ಬಲಗೈ ಸುಮ್ಮನಿರುವಾಗಲೇ ಅಲುಗುತ್ತದೆ. ಲೋಟ ಹಿಡಿಯಹೋದಾಗ ಕೊಂಚ ತಗ್ಗುತ್ತದೆ. ಕಳೆದ ಬೇಸಗೆಯಲ್ಲಿ ವೈದ್ಯರ ಮುಂದೆ ನಾನು ‘ಇವರಿಗೆ ಕೈನಡುಕ’ ಎಂದೆನು. ತಂದೆಯವರು ಥಟ್ಟನೆ, ‘ನಡುಕವಲ್ಲ, ಅದುರುತ್ತದೆ ಅಷ್ಟೆ’ ಎಂದು ತಿದ್ದಿದರು. ವೈದ್ಯರು ನಕ್ಕರು, ನಾನೂ ನಕ್ಕೆನು. ನಗಬಾರದಿತ್ತು.

‘ನಡುಗು’ ಅಚ್ಚ ದ್ರಾವಿಡ ಪದ. ತಮಿಳಿನಲ್ಲಿ ಇದರ ಜೋಡಿ ‘ನಡುಂಗು’. ತಮಿಳು ಉಳಿಸಿಕೊಂಡ ಅನುನಾಸಿಕವನ್ನು ಕನ್ನಡ ಬಿಟ್ಟಿದೆ. ಹಳಗನ್ನಡದ ‘ಅಡಂಗು’ ಇಂದು ‘ಅಡಗು’ ಆಗಿರುವುದೂ ಹೀಗೆಯೇ. ನಡುಗುವಿನಿಂದ ನಡುಕ, ಅಡಗುವಿನಿಂದ ಅಡಕ. ‘ಅದುರು’ವಿನ ಹಳೆಯ ರೂಪ ‘ಅದಿರ್’; 1894ರ ಕಿಟ್ಟೆಲರ ನಿಘಂಟಿನಲ್ಲಿ ಅದನ್ನು ನೋಡಬಹುದು. ‘ಕಂಪಿಸು’ ಸಂಸ್ಕೃತದ್ದು. ಕಂಪೆಂದರೆ ಪರಿಮಳವಾಗಿರುವ ನಾಡಿನಲ್ಲಿ ಅದು ಪುಸ್ತಕ ಬಿಟ್ಟು ಹೆಚ್ಚು ಹೊರಬರಲಿಲ್ಲ. ಭೂಕಂಪವೊಂದು ಮಾತ್ರ ಮನೆಮಾತಾಯಿತು.

ನಿಘಂಟು ಬಿಟ್ಟದ್ದು ಬಳಕೆಯಲ್ಲಿ ಸಿಕ್ಕುತ್ತದೆ. ಚಳಿಗೆ ನಡುಗುತ್ತೇವೆ, ಹುಲಿಗೆ ನಡುಗುತ್ತೇವೆ, ಸಾಲ ಕೊಟ್ಟವನಿಗೂ ನಡುಗುತ್ತೇವೆ. ‘ಅವನನ್ನು ಕಂಡರೆ ಊರೇ ನಡುಗುತ್ತದೆ’ ಎಂಬಲ್ಲಿ ‘ಅದುರುತ್ತದೆ’ ಎಂದಿಟ್ಟು ನೋಡಿರಿ. ಜನ ಮರೆಯಾಗಿ ಗೋಡೆಗಳು ಕಣ್ಣಿಗೆ ಬರುತ್ತವೆ. ಅದುರುವುದು ರೆಪ್ಪೆ, ಅಳು ತಡೆದ ತುಟಿ, ರೈಲು ಹಾಯುವಾಗಿನ ಸೇತುವೆ. ಗಡಗಡ ಅದುರುವ ಮನುಷ್ಯನನ್ನು ನಾನಂತೂ ಕೇಳಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಾದ ಭೂಕಂಪ ಆಗಿನ ಗುಲ್ಬರ್ಗಾ ಜಿಲ್ಲೆಯ ನಮ್ಮ ಊರಿಗೂ ತಿಳಿಯಿತು. ಅದನ್ನು ನೆನೆಯುವಾಗ ತಂದೆಯವರು ಈಗಲೂ ಹೇಳುವುದು, ‘ನೆಲ ಅದುರಿತು, ನಾವು ನಡುಗಿದೆವು’ ಎಂದೇ. ಒಮ್ಮೆಯೂ ಆ ಎರಡು ಪದಗಳು ಅದಲುಬದಲಾಗಿಲ್ಲ.

ಅಂದಮೇಲೆ ನನ್ನ ‘ಕೈನಡುಕ’ ಅವರ ಕಿವಿಗೆ ರೋಗದ ಹೆಸರಲ್ಲ, ಅಂಜುಬುರುಕುತನದ ಆರೋಪ. ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ವರ್ಣಿಸಿದ, ಆಯುರ್ವೇದದವರು ಕಂಪವಾತವೆನ್ನುವ ಈ ಬೇನೆಗೆ ಹೆದರಿಕೆಯು ಕಾರಣವೇ ಅಲ್ಲ. ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ಕ್ಷೀಣಿಸುವುದರಿಂದ ಅದು ಬರುತ್ತದೆ. ತಂದೆಯವರು ಇದನ್ನು ಓದಿದವರಲ್ಲ. ಪದವನ್ನು ಮಾತ್ರ ಸರಿಯಾಗಿ ಆರಿಸಿದ್ದರು.

ಕಳೆದ ತಿಂಗಳು ಒಂದು ಕಚೇರಿಯಲ್ಲಿ ಅವರು ಸಹಿ ಹಾಕುತ್ತಿರಲು ಗುಮಾಸ್ತರು, ‘ಯಜಮಾನರ ಕೈ ಯಾಕೆ ನಡುಗುತ್ತದೆ?’ ಎಂದರು. ‘ಅದುರುತ್ತದೆ’ ಎಂದೆನು. ತಂದೆಯವರು ತಲೆಯೆತ್ತಲಿಲ್ಲ. ಸಹಿ ಹಿಂದಿನದಕ್ಕೆ ಹೊಂದದೆ ಎರಡು ಸಲ ಹಾಕಬೇಕಾಯಿತು.