ತಿಂಡಿಯ ಹೆಸರು, ಹೆರಿಗೆಯ ಮಾತು

ವಿ.ವಿ. ಪುರಂನ ವಿ.ಬಿ. ಬೇಕರಿಯಂಥ ಅಯ್ಯಂಗಾರ್ ಬೇಕರಿಗೆ ಹೋದವರು ಖಾರ ಬನ್ನು, ರಸ್ಕು, ದಿಲ್ ಪಸಂದ್ ಕಟ್ಟಿಸಿಕೊಂಡು ಬರುತ್ತಾರೆ. ಆ ಗಾಜಿನ ಕಪಾಟಿನಲ್ಲಿ ಎಷ್ಟು ಭಾಷೆಗಳು ಒಟ್ಟಿಗೆ ಕುಳಿತಿವೆ ನೋಡಿ! ದಿಲ್ ಪಸಂದ್ ಪಾರಸಿ ಮಾತು. ನಮ್ಮ ಮನೆಗಳ ಹಲ್ವ ಅರಬಿ ಮೂಲದ್ದು. ಆ ಭಾಷೆಯಲ್ಲಿ 'ಹುಲ್ವ್' ಎಂದರೆ ಸಿಹಿ. ಬಿಸ್ಕತ್ತಿನ ಬೇರು ಮಾತ್ರ ದೂರದ ರೋಮ್‌ನ ಲ್ಯಾಟಿನ್ ಭಾಷೆಯಲ್ಲಿದೆ. 'ಬಿಸ್' ಎಂದರೆ ಎರಡು ಸಲ, 'ಕೊಕ್ತುಸ್' ಎಂದರೆ ಬೆಂದದ್ದು. ಹಾಗೆ ನೋಡಿದರೆ ಇಂದಿನ ಬಿಸ್ಕತ್ತಿಗೆ ಆ ಹೆಸರು ಸಲ್ಲದು, ಅದು ಬೇಯುವುದು ಸಾಮಾನ್ಯವಾಗಿ ಒಂದೇ ಸಲ. ಬ್ರೆಡ್ಡಾಗಿ ಬೆಂದು, ಹೋಳಾಗಿ ಮತ್ತೆ ಒಲೆಗೆ ಹೋಗುವ ರಸ್ಕೇ ನಿಜವಾದ ಬಿಸ್ಕತ್ತು.

ರೋಮನ್ನರು ಸಿಹಿಗೆ ಜೇನು ಬಳಸುತ್ತಿದ್ದರು. ನಮ್ಮ 'ಶರ್ಕರ' ಲ್ಯಾಟಿನ್‌ಗೆ ಹೋಗಿ 'ಸಕ್ಕರಮ್' ಆದರೂ ಅಲ್ಲಿ ಅದು ಔಷಧಿ ಮಾತ್ರ. ಅರಬ್ ನಾಡಿನದ್ದಕ್ಕಿಂತ ಭಾರತದ ಸಕ್ಕರೆ ಉತ್ತಮ ಎಂದು ಒಂದನೇ ಶತಮಾನದ ಪ್ಲಿನಿ ಬರೆದಿದ್ದಾನೆ.

ಅವರ ಒಂದು ಸಿಹಿತಿಂಡಿಯ ವಿಧಾನ ಕ್ರಿ.ಪೂ. 2ನೇ ಶತಮಾನದ ಕೇಟೋ ಎಂಬವನ ಕೃಷಿ ಪುಸ್ತಕದಲ್ಲಿದೆ. ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಹಾಳೆ, ಅದರ ಮೇಲೆ ಕುರಿಹಾಲಿನ ಚೀಸ್ ಮತ್ತು ಜೇನು, ಮತ್ತೆ ಹಾಳೆ, ಹೀಗೆ ಪದರ ಪದರ. ಕಡೆಗೆ ಕಾದ ಮಣ್ಣಿನ ಮುಚ್ಚಳ ಮುಚ್ಚಿ, ಅದರ ಮೇಲೂ ಸುತ್ತಲೂ ಕೆಂಡ ಹಾಕಬೇಕು. ಬಿರಿಯಾನಿಗೆ ದಮ್ ಕೊಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ತಿಂಡಿಯ ಹೆಸರು 'ಪ್ಲಸೆಂಟಾ'.

ಹೌದು, ಗರ್ಭಿಣಿಯರ ಸ್ಕ್ಯಾನಿಂಗ್ ವರದಿಯಲ್ಲಿ ಕಾಣುವ ಅದೇ ಪದ. ಮಗುವಿನ ನಂತರ ಬೀಳುವ ಮಾಸು ದುಂಡಗೆ, ಚಪ್ಪಟೆಯಾಗಿ, ದಪ್ಪ ರೊಟ್ಟಿಯಂತಿರುತ್ತದೆ. ಇಟಲಿಯ ವೈದ್ಯ ರಿಯಾಲ್ಡೊ ಕೊಲಂಬೊ 1559ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದನ್ನು ಈ ತಿಂಡಿಯ ಹೆಸರಿನಿಂದ ಕರೆದ. ಹೆಸರು ಹಾಗೆಯೇ ನಿಂತಿತು.

ನಮ್ಮ ಅಜ್ಜಿಯಂದಿರಿಗೆ ಮಾಸು ಎಂದರೆ ಸಾಕಾಗಿತ್ತು. ಇಂದು ಐದನೇ ತಿಂಗಳ ವರದಿಯಲ್ಲಿ 'ಪ್ಲಸೆಂಟಾ ಕೆಳಗಿದೆ' ಎಂಬ ಸಾಲು ಕಂಡೊಡನೆ ಎಷ್ಟೋ ಸೊಸೆಯಂದಿರು ಮಗುವಿಗೇ ಏನೋ ಆಗಿದೆಯೆಂದು ಊಟ ಬಿಡುತ್ತಾರೆ. ಮಾಸು ಗರ್ಭಕೋಶದ ಬಾಯಿಯ ಹತ್ತಿರ ಅಂಟಿದೆ ಎಂದಷ್ಟೇ ಅದರ ಅರ್ಥ. ಗರ್ಭಕೋಶ ಬೆಳೆದಂತೆ ಹೆಚ್ಚಿನವರಲ್ಲಿ ಅದು ಮೇಲಕ್ಕೆ ಸರಿಯುತ್ತದೆ. ಆದರೂ ಮತ್ತೊಮ್ಮೆ ಸ್ಕ್ಯಾನಿಂಗ್‌ಗೆ ಬರಹೇಳಿದ ದಿನವನ್ನು ತಪ್ಪಿಸಬೇಡಿ. ನೋವಿಲ್ಲದಿದ್ದರೂ ಸರಿ, ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.