ಸೌಂಡ್ ಹುಡುಕುವ ಕೈಗಳು

ಹಳೆಯ ಮಾರುತಿ 800 ಗ್ಯಾರೇಜಿನ ಮುಂದೆ ಬಂದು ನಿಂತರೆ, ಪಳಗಿದ ಮೇಸ್ತ್ರಿ ಕೂಡಲೇ ಸ್ಪ್ಯಾನರ್ ಎತ್ತಿಕೊಳ್ಳುವುದಿಲ್ಲ. ‘ಯಜಮಾನ್ರೇ, ಕಟಕ್ ಅನ್ನೋದು ಯಾವಾಗ? ಕ್ಲಚ್ ಬಿಟ್ಟಾಗ್ಲೋ, ಹಂಪ್ಸ್ ಇಳಿಯುವಾಗ್ಲೋ, ಬ್ರೇಕ್ ಹಿಡಿದಾಗ್ಲೋ?’ ಎಂದು ಕೇಳುತ್ತಾರೆ. ಅರ್ಧ ಕೆಲಸ ಆ ಪ್ರಶ್ನೆಯಲ್ಲೇ ಮುಗಿಯುತ್ತದೆ.

ಇಂಥ ಸದ್ದುಗಳಿಗೆ ನಮ್ಮ ರಸ್ತೆಗಳಲ್ಲಿ ಕೊರತೆಯಿಲ್ಲ. ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯ ಸುತ್ತಮುತ್ತ ಭತ್ತ, ಅಡಿಕೆ, ಮೆಕ್ಕೆಜೋಳದ ಸೀಮೆ. ಕೊಯ್ಲಿನ ಕಾಲಕ್ಕೆ ಈ ಭಾಗದ ಎಷ್ಟೋ ರಸ್ತೆಗಳೇ ಕಣಗಳಾಗುತ್ತವೆ. ಒಣಹಾಕಿದ ಕಾಳಿನ ಮೇಲೆ ಗಾಡಿ ಹರಿಯದಿರಲೆಂದು ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಎದುರಿಂದ ಬಸ್ಸು ಬಂತೋ, ಕಾರಿನ ಎಡಗಡೆಯ ಚಕ್ರ ಡಾಂಬರು ಬಿಟ್ಟು ಮಣ್ಣಿಗೆ ಇಳಿಯಲೇಬೇಕು. ಆ ಪೆಟ್ಟು ತಿನ್ನುವುದು ಲೋವರ್ ಆರ್ಮಿನ ರಬ್ಬರ್ ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟಿಂಗ್. ರಬ್ಬರಿಗೆ ಓಟದಷ್ಟೇ ವಯಸ್ಸೂ ಶತ್ರು. ಶೆಡ್ಡಿನಲ್ಲಿ ನಿಂತೇ ಇದ್ದ ಗಾಡಿಯ ಬುಷ್ ಕೂಡ ಗಟ್ಟಿಯಾಗಿ ಬಿರಿಯುತ್ತದೆ.

ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ. 2014ರಲ್ಲಿ ಅದರ ತಯಾರಿಕೆ ನಿಂತಿತು. ಉತ್ತರಪಾರಾದ ಅಂಬಾಸಿಡರ್ ಕಾರ್ಖಾನೆ ಸ್ತಬ್ಧವಾದದ್ದೂ ಅದೇ ವರ್ಷ. ಓಮ್ನಿ 2019ರವರೆಗೆ ಉಳಿಯಿತು. ಆ ಗಾಡಿಗಳ ತಯಾರಿಕೆ ನಿಂತರೂ ಸದ್ದು ಹುಡುಕುವ ಕೆಲಸ ನಿಂತಿಲ್ಲ. ಈಗಿನ ಸರ್ವಿಸ್ ಸೆಂಟರಿನ ಸ್ಕ್ಯಾನರ್ ಎಂಜಿನ್ನಿನ ಸೆನ್ಸರ್ ಹೇಳಿದ್ದನ್ನು ಓದುತ್ತದೆ. ಸವೆದ ಬುಷ್‌ಗೆ ಸೆನ್ಸರ್ ಇಲ್ಲ. ಅಲ್ಲಿಗೆ ಇಂದಿಗೂ ಕಿವಿ ಮತ್ತು ಕೈಯೇ ಬೇಕು.

ಮೊದಲು ನೋಡುವುದು ತೀರಾ ಸರಳವಾದದ್ದನ್ನು. ಡಿಕ್ಕಿಯಲ್ಲಿ ಜಾಕಿ, ಸ್ಟೆಪ್ನಿ ಸಡಿಲವಾಗಿವೆಯೇ? ಇತ್ತೀಚೆಗೆ ಪಂಕ್ಚರ್ ಹಾಕಿಸಿದ್ದರೆ ವೀಲ್ ನಟ್ ಬಿಗಿಯಾಗಿವೆಯೇ? ಇದನ್ನು ಬಿಟ್ಟು ಗೇರ್‌ಬಾಕ್ಸ್ ಇಳಿಸುವುದು ಅನ್ಯಾಯ.

ಆಮೇಲೆ ಗಾಡಿಯ ಜಾತಕ. ಅಂಬಾಸಿಡರ್, ಓಮ್ನಿಗಳಲ್ಲಿ ಎಳೆಯುವುದು ಹಿಂದಿನ ಚಕ್ರ. ಅಲ್ಲಿಗೆ ಶಕ್ತಿ ಸಾಗಿಸುವ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಜಾಯಿಂಟುಗಳಲ್ಲಿ ಕ್ರಾಸ್ ಇರುತ್ತದೆ. ಕ್ಲಚ್ ಬಿಟ್ಟೊಡನೆ, ಆಕ್ಸಿಲರೇಟರ್ ಒತ್ತಿ ಬಿಟ್ಟೊಡನೆ ಒಂದೇ ಒಂದು ‘ಖಡಕ್’ ಎಂದರೆ ಅನುಮಾನ ಅದರ ಮೇಲೆ. ಅದಕ್ಕೂ ಮುಂಚೆ ಕೆಲವು ದಿನ ನಿಧಾನ ಓಟದಲ್ಲಿ ‘ಕಿಚಕಿಚ’ ಎಂದಿರುತ್ತದೆ. ಒಳಗಿನ ಗ್ರೀಸ್ ಒಣಗಿ ಕಪ್ಪಿನ ಸುತ್ತ ತುಕ್ಕಿನ ಪುಡಿ ಕೂತಿರುತ್ತದೆ. ಮೇಸ್ತ್ರಿ ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ಅಡಿಗೆ ನುಗ್ಗಿ ಜಾಯಿಂಟಿನ ಎರಡೂ ಬದಿ ಹಿಡಿದು ಎದುರುಬದುರಾಗಿ ತಿರುಚುತ್ತಾರೆ. ಕ್ರಾಸ್ ಅಲ್ಲಾಡಿದರೆ ಕಳ್ಳ ಸಿಕ್ಕಿದ. ಎರಡೂ ಬದಿ ಒಟ್ಟಿಗೇ ತಿರುಗಿ ಆಚೆ ಹಿಂದಿನ ಆಕ್ಸಲಿನ ಹೌಸಿಂಗಿನಲ್ಲಿ ಟಕ್ ಎಂದರೆ ಅದು ಕ್ರೌನ್ ಪಿನಿಯನ್ನಿನ ಪ್ಲೇ. ಅಲ್ಲಿ ಸ್ವಲ್ಪ ಪ್ಲೇ ಇರುವುದು ಸಹಜ, ಎಷ್ಟು ಸಹಜ ಎಂಬುದನ್ನು ಕೈಯೇ ಬಲ್ಲದು.

ಮಾರುತಿ 800ರಲ್ಲಿ ಆ ಉದ್ದನೆಯ ಶಾಫ್ಟೇ ಇಲ್ಲ. ಕ್ಲಚ್ ಬಿಟ್ಟಾಗ ದಡ್ ಎಂದರೆ ಎಂಜಿನ್ ಮೌಂಟಿಂಗ್ ನೋಡಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದು, ಫಸ್ಟ್ ಗೇರಿನಲ್ಲೊಮ್ಮೆ ರಿವರ್ಸಿನಲ್ಲೊಮ್ಮೆ ಕ್ಲಚ್ಚನ್ನು ತುಸುವೇ ಬಿಟ್ಟರೆ, ಮೌಂಟಿಂಗ್ ಹರಿದ ಎಂಜಿನ್ ಎದ್ದು ಕೂರುತ್ತದೆ. ನೋಡುವವರು ಬದಿಗೆ ನಿಲ್ಲಬೇಕು, ಗಾಡಿಯ ಮುಂದೆ ಎಂದೂ ಅಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಎಳೆಯುವಾಗ ‘ಟಕಟಕ’ ಎಂದರೆ ಚಕ್ರದ ಪಕ್ಕದ ಆಕ್ಸಲ್ ಜಾಯಿಂಟ್. ರಬ್ಬರ್ ಬೂಟ್ ಹರಿದು ಗ್ರೀಸ್ ಹೋಗಿ ಗದ್ದೆಯ ಕೆಸರು ಸೇರಿರುತ್ತದೆ.

ನನಗೆ ಬಹಳ ಹಿಡಿಸಿದ ಪರೀಕ್ಷೆ ಬೇರೆ. ಜಾಕಿ ಕೊಟ್ಟು ಎತ್ತಿದ ಮುಂದಿನ ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸುತ್ತಾರೆ. ಆಡಿದರೆ ಬೇರಿಂಗೋ, ಬಾಲ್ ಜಾಯಿಂಟೋ? ‘ಬ್ರೇಕ್ ತುಳಿಯೋ ತಮ್ಮಾ’ ಎಂದು ಹುಡುಗನಿಗೆ ಹೇಳುತ್ತಾರೆ. ತುಳಿದಾಗ ಆಟ ನಿಂತರೆ ಬೇರಿಂಗ್. ನಿಲ್ಲದಿದ್ದರೆ ಬಾಲ್ ಜಾಯಿಂಟ್. ಒಂದು ಪೈಸೆ ಖರ್ಚಿಲ್ಲದ ಈ ಜಾಣತನಕ್ಕೆ ಎಷ್ಟು ಗೌರವ ಕೊಟ್ಟರೂ ಕಡಿಮೆ. ಬಾಲ್ ಜಾಯಿಂಟ್ ಹೋಗಿದೆ ಎಂದು ಗೊತ್ತಾದ ಗಾಡಿಯನ್ನು ಮಾತ್ರ ಓಡಿಸಲೇಬಾರದು. ಅದು ಕಳಚಿಕೊಂಡರೆ ಚಕ್ರ ಮಡಚಿ ಬೀಳುತ್ತದೆ.

ಐಟಿಐಯ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಕೋರ್ಸ್ 2 ವರ್ಷದ್ದು. ಅಲ್ಲಿ ಭಾಗಗಳ ಹೆಸರು, ಕೆಲಸ ಎಲ್ಲ ಕಲಿಯಬಹುದು. ಯಾವ ಸದ್ದು ಯಾವುದರದ್ದೆಂಬ ತಿಳಿವಳಿಕೆ ಬರುವುದು ಎಷ್ಟೋ ಗಾಡಿಗಳ ಅಡಿಗೆ ಮಲಗಿದ ಮೇಲೆ. ಆದರೆ ನಾವು ದುಡ್ಡು ಕೊಡುವುದು ಹಾಕಿದ ಸಾಮಾನಿಗೆ ಮಾತ್ರ. ಒಂದು ಗಂಟೆ ಹುಡುಕಿ, ಸಡಿಲಾದ ಒಂದು ಬೋಲ್ಟ್ ಬಿಗಿಮಾಡಿದವರಿಗೆ ‘ಇಷ್ಟಕ್ಕೆ ಎಂಥ ದುಡ್ಡು?’ ಎನ್ನುತ್ತೇವೆ. ಹೀಗಾದರೆ ಹುಡುಕುವುದನ್ನು ಬಿಟ್ಟು ಸಾಮಾನು ಬದಲಿಸುವುದೇ ಅವರಿಗೆ ಲಾಭ. ಸದ್ದು ಅಲ್ಲೇ ಉಳಿಯುತ್ತದೆ, ಬಿಲ್ಲು ಬೆಳೆಯುತ್ತದೆ. ಹುಡುಕಿದ್ದಕ್ಕೆಂದೇ ಕೂಲಿ ಕೊಡುವ ರೂಢಿ ನಮ್ಮ ಊರುಗಳಲ್ಲಿ ಬರಬೇಕು.

ಹೊಸ ಬುಷ್ ಹಾಕಿಸುವವರು ಇನ್ನೊಂದನ್ನು ಗಮನಿಸಬೇಕು. ಗಾಡಿ ಜಾಕಿಯ ಮೇಲಿದ್ದಾಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ, ನೆಲಕ್ಕಿಳಿಸಿದ ಕೂಡಲೇ ಒಳಗಿನ ರಬ್ಬರ್ ತಿರುಚಿಕೊಂಡು ಬೇಗನೆ ಹರಿಯುತ್ತದೆ. ಒಳ್ಳೆಯ ಮೇಸ್ತ್ರಿ ಬೋಲ್ಟ್ ಸಡಿಲವಾಗಿಟ್ಟೇ ಚಕ್ರ ಇಳಿಸಿ, ಗಾಡಿಯ ಭಾರ ಕೂರಿಸಿ, ಮತ್ತೆ ಅಡಿಗೆ ಹೋಗಿ ಕೊನೆಯ ಸುತ್ತು ಬಿಗಿಯುತ್ತಾರೆ.