ತಂದೆಯೇ ಪಾಠವಾದ ದಿನ

2010ರ ನವೆಂಬರ್ 13. ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಬಿ.ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದಲ್ಲಿ ಡಾ. ಮಹಾಂತೇಶ ರಾಮಣ್ಣವರ ಶವವಿಚ್ಛೇದನಕ್ಕೆ ನಿಂತರು. ಅಂಗರಚನೆ ಕಲಿಸುವ ಅಧ್ಯಾಪಕರಿಗೆ ಅದು ನಿತ್ಯದ ಕೆಲಸ. ಅಂದು ಮಾತ್ರ ಮೇಜಿನ ಮೇಲಿದ್ದದ್ದು ಅವರ ತಂದೆಯ ದೇಹ.

ಡಾ. ಬಸವಣ್ಣೆಪ್ಪ ರಾಮಣ್ಣವರ ಬೈಲಹೊಂಗಲದ ಆಯುರ್ವೇದ ವೈದ್ಯರು. ತಮ್ಮ ದೇಹ ಓದುವ ಮಕ್ಕಳಿಗೆ ಸಲ್ಲಬೇಕು, ಮಗನೇ ಅದನ್ನು ವಿಚ್ಛೇದಿಸಬೇಕು ಎಂಬುದು ಅವರ ಆಸೆಯಾಗಿತ್ತು. 2008ರ ನವೆಂಬರ್ 13ರಂದು ಅವರು ತೀರಿಕೊಂಡರು. ದೇಹವನ್ನು ಕೆಡದಂತೆ ಕಾಪಿಟ್ಟು, ಸರಿಯಾಗಿ ಎರಡು ವರ್ಷಕ್ಕೆ ಮಗ ಆ ಮಾತು ನಡೆಸಿದರು.

ಡಿಸೆಕ್ಷನ್ ಹಾಲ್‌ಗೆ ಮೊದಲ ಸಲ ಕಾಲಿಟ್ಟ ವಿದ್ಯಾರ್ಥಿಗೆ ಎದುರಾಗುವುದು ಫಾರ್ಮಲಿನ್ ವಾಸನೆ. ಕಣ್ಣು ಉರಿಯುತ್ತದೆ, ಕೈ ಹಿಂಜರಿಯುತ್ತದೆ. ಅಲ್ಲಿಂದ ಗುರುವಿನ ಕೆಲಸ ಶುರು. ಒಂದೊಂದು ಮೇಜಿನ ಸುತ್ತ ಒಂದೊಂದು ಗುಂಪು. ಒಬ್ಬರು ಶವವಿಚ್ಛೇದನದ ಕನ್ನಿಂಗ್‌ಹ್ಯಾಮ್ ಕೈಪಿಡಿ ಓದಿದರೆ ಇನ್ನೊಬ್ಬರು ಪದರ ಬಿಡಿಸುತ್ತಾರೆ. ಮೊದಲು ಚರ್ಮ, ಆಮೇಲೆ ಕೊಬ್ಬು, ಅದರಡಿ ಸ್ನಾಯು. ಹೊಸಬರು ಬ್ಲೇಡನ್ನೇ ನಂಬುತ್ತಾರೆ. ಪಳಗಿದ ಕೈ ಬೆರಳ ತುದಿಯಿಂದಲೂ ಫೋರ್ಸೆಪ್ಸ್‌ನಿಂದಲೂ ಪದರ ಸರಿಸುತ್ತದೆ. ಅಪಧಮನಿಗೆ ದಪ್ಪ ಗೋಡೆ, ಅಭಿಧಮನಿ ಚಪ್ಪಟೆ, ನರ ಬಿಗಿಯಾದ ಬಿಳಿ ದಾರ. ಚಿತ್ರದಲ್ಲಿ ಇವಕ್ಕೆ ಕೆಂಪು, ನೀಲಿ, ಹಳದಿ ಬಣ್ಣ. ದೇಹದಲ್ಲಿ ಆ ಬಣ್ಣಗಳಿಲ್ಲ, ಮುಟ್ಟಿಯೇ ತಿಳಿಯಬೇಕು.

ಪುಸ್ತಕದಂತೆ ಎಲ್ಲ ದೇಹಗಳೂ ಇರುವುದಿಲ್ಲ. ಓದುಗರು ಈಗಲೇ ನೋಡಿಕೊಳ್ಳಬಹುದು: ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ಮಣಿಕಟ್ಟನ್ನು ತುಸು ಒಳಕ್ಕೆ ಬಾಗಿಸಿ. ನಡುವೆ ಎದ್ದು ಕಾಣುವ ದಾರ ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನದು. ಅದು ಹಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ, ಕೆಲವರಿಗೆ ಒಂದೇ ಕೈಯಲ್ಲಿರುತ್ತದೆ. ಇಂಥ ವ್ಯತ್ಯಾಸ ಕಂಡಾಗ ಜಾಣ ಅಧ್ಯಾಪಕರು ಬೇರೆ ಮೇಜಿನವರನ್ನೂ ಕರೆದು ತೋರಿಸುತ್ತಾರೆ. ಮುಂದೆ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ರೋಗಿಯ ಜೀವ ಉಳಿಸುವುದು ಈ ಎಚ್ಚರವೇ.

ಕಣ್ಣಾರೆ ಕಂಡು ಕಲಿಯುವ ಹಟ ನಮ್ಮಲ್ಲಿ ಹಳೆಯದು. ಸುಶ್ರುತ ಸಂಹಿತೆಯ ಶಾರೀರಸ್ಥಾನ ವಿಧಾನವನ್ನೇ ಹೇಳುತ್ತದೆ: ದೇಹಕ್ಕೆ ಹುಲ್ಲು, ನಾರು ಸುತ್ತಿ, ಪಂಜರದಲ್ಲಿಟ್ಟು, ಮೆಲ್ಲಗೆ ಹರಿಯುವ ನೀರಿನ ಮರೆಯಲ್ಲಿ ಏಳು ರಾತ್ರಿ ಇಡಬೇಕು, ಬಳಿಕ ಲಾವಂಚ, ಕೂದಲು ಇಲ್ಲವೇ ಬಿದಿರಿನ ಕುಂಚದಿಂದ ಪದರ ಪದರವಾಗಿ ಉಜ್ಜಿ ನೋಡಬೇಕು. ನಡುವೆ ಈ ವಿದ್ಯೆ ಮರೆಯಾಯಿತು. 1836ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರು ಮತ್ತೆ ಶವಕ್ಕೆ ಕೈಯಿಟ್ಟಾಗ ಅದು ದೊಡ್ಡ ಸುದ್ದಿ.

ಕರ್ನಾಟಕದಲ್ಲಿ ವಾರಸುದಾರರಿಲ್ಲದ ಶವಗಳನ್ನು ಕಲಿಕೆಗೆ ಕೊಡಲು 1957ರ ಅನಾಟಮಿ ಕಾಯ್ದೆ ಅವಕಾಶ ಕೊಟ್ಟಿದೆ. ಯಾರೂ ಕೇಳದೆ ಉಳಿದ ದೇಹಕ್ಕೂ, ಮನಸಾರೆ ಕೊಟ್ಟ ದೇಹಕ್ಕೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ಕೊಟ್ಟವರ ನಂಬಿಕೆಯೂ ಮೇಜಿನ ಮೇಲಿರುತ್ತದೆ. ಇಂದಿನ ಎಂಬಿಬಿಎಸ್ ಪಠ್ಯಕ್ರಮ ಶವವನ್ನು ‘ಮೊದಲ ಗುರು’ ಎಂದು ಕಾಣಲು ಕಲಿಸುತ್ತದೆ. ಎಷ್ಟೋ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಗೌರವದಿಂದ ನಡೆದುಕೊಳ್ಳುವ ಪ್ರತಿಜ್ಞೆ ಮಾಡಿಯೇ ಬ್ಲೇಡು ಹಿಡಿಯುತ್ತಾರೆ.

ಮಹಾಂತೇಶ ರಾಮಣ್ಣವರ ದೇಹದಾನದ ಪ್ರಚಾರದಲ್ಲೂ ತೊಡಗಿದ್ದಾರೆ. ಕೊಡುವ ಮನಸ್ಸಿರುವವರು ಹತ್ತಿರದ ವೈದ್ಯಕೀಯ ಇಲ್ಲವೇ ಆಯುರ್ವೇದ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ನಮೂನೆ ಪಡೆಯಬಹುದು. ಸಹಿ ಹಾಕಿದರಷ್ಟೇ ಸಾಲದು, ಮನೆಯವರಿಗೆ ಇಂದೇ ಹೇಳಿಡಿ. ಕೊನೆಗೆ ದೇಹವನ್ನು ಕಾಲೇಜಿಗೆ ಒಪ್ಪಿಸಬೇಕಾದವರು ಅವರೇ.